ಸಂಸಾರದ ಮಾತು: ಮಕ್ಕಳೊಡನೆ ನೇಪಾಳಕ್ಕೆ ಮೋಟಾರು ಯಾತ್ರೆ

ಬರುವ ದಸರೆಯಲ್ಲಿ ಬೆಂಗಳೂರಿನಿಂದ ಕಠ್ಮಂಡುವಿನವರೆಗೆ ನಮ್ಮ ಮೋಟಾರಿನಲ್ಲಿಯೇ ಹೋಗಿಬರಬೇಕೆಂದು ನಾವು ಸಂಕಲ್ಪಿಸಿ ಮೂರು ತಿಂಗಳಾಯಿತು. ಮನೆಯಲ್ಲಿ ಒಂಬತ್ತು ವರ್ಷದ ಹುಡುಗ, ನಾಲ್ಕು ವರ್ಷದ ಹುಡುಗಿ, ಎಪ್ಪತ್ತೊಂದು ವರ್ಷದ ತಾಯಿಯವರು. ಸುದ್ದಿಯನ್ನು ಕೇಳಿದ ನೆಂಟರಿಷ್ಟರು ಇಬ್ಭಾಗವಾಗಿದ್ದಾರೆ; ಒಂದು ಪಕ್ಷದವರು ನಮ್ಮನ್ನು ಸಾಹಸಿಗಳೆನ್ನುತ್ತಾರೆ, ಇನ್ನೊಂದು ಪಕ್ಷದವರು ಏನೆನ್ನುತ್ತಾರೆಂಬುದನ್ನು ಇಲ್ಲಿ ಬರೆಯಲಾಗದು. ಇಂತಹ ಯಾತ್ರೆಯನ್ನು ಮನಸ್ಸಿನಲ್ಲಿಟ್ಟುಕೊಂಡ ಗೃಹಸ್ಥರು ನಮ್ಮ ವಾಚಕರಲ್ಲಿಯೂ ಇರಬಹುದಾದುದರಿಂದ, ನಾವು ಎಡವಿದ ಸ್ಥಳಗಳನ್ನು ಮುಚ್ಚಿಡದೆ ಹೇಳುತ್ತೇವೆ.

ಮೊದಲು ಎಡವಿದ್ದು ದಾರಿಯ ಲೆಕ್ಕದಲ್ಲಿ. ಹೈದರಾಬಾದು, ನಾಗಪುರ, ಜಬಲ್ಪುರ, ಕಾಶಿ, ಗೋರಖಪುರಗಳ ಮೇಲೆ ಸುನೌಲಿಯ ಗಡಿಗೆ 2,000 ಕಿಲೋಮೀಟರಿಗೂ ಮೀರಿದ ಹಾದಿ. ದಿನಕ್ಕೆ 600 ಕಿಲೋಮೀಟರಿನಂತೆ ನಾಲ್ಕನೆಯ ದಿನ ಗಡಿಯನ್ನು ಸೇರುವುದೆಂದು ನಾವು ಕಾಗದದ ಮೇಲೆ ಬರೆದೆವು. ನಮ್ಮ ಗೃಹಿಣಿಯು ಅದನ್ನು ಪೂರ್ತಿಯಾಗಿ ಓದಿ, "ಇದರಲ್ಲಿ ಮಗು ಒಂದಕ್ಕೆ ಹೋಗುವುದು ಯಾವಾಗ ಎಂದು ನೀವು ಬರೆದೇ ಇಲ್ಲವಲ್ಲ?" ಎಂದಳು. ನಮಗೆ ಸ್ವಲ್ಪ ಸಿಟ್ಟು ಬಂದುದು ನಿಜ. ಪರೀಕ್ಷಿಸಿಯೇ ನೋಡೋಣವೆಂದು ಮುಂದಿನ ಶನಿವಾರ 200 ಕಿಲೋಮೀಟರು ದೂರದ ಚಿತ್ರದುರ್ಗಕ್ಕೆ ಹೊರಟೆವು. ಮಗು ಎರಡು ಗಂಟೆಯ ಕಾಲ ಹಾಡಿತು. ಮೂರನೆಯ ಗಂಟೆಯಲ್ಲಿ ಅತ್ತಿತು. ಶಿರಾ ದಾಟಿದ ಮೇಲೆ, ಹೊರಡುವ ಮುನ್ನ ಕುಡಿಸಿದ್ದ ಹಾಲನ್ನೆಲ್ಲ ಅಜ್ಜಿಯ ಸೀರೆಯ ಮೇಲೆ ಕಕ್ಕಿತು. ಕೋಟೆಯ ಬಾಗಿಲನ್ನು ಕಾಣುವ ಹೊತ್ತಿಗೆ ಐದು ಗಂಟೆಗಳಾಗಿದ್ದುವು. ಓಡುವ ಗಾಡಿಯಲ್ಲಿ ಮೊಬೈಲಿನ ಚಿತ್ರಗಳನ್ನು ನೋಡುತ್ತ ಕುಳಿತ ಮಗುವಿಗೆ ತಲೆಸುತ್ತು ಬೇಗ ಬರುತ್ತದೆಂಬುದೂ, ದೂರದ ಬೆಟ್ಟವನ್ನು ನೋಡುವ ಮಗುವಿಗೆ ಅಷ್ಟು ಬರುವುದಿಲ್ಲವೆಂಬುದೂ ಅಂದು ನಮಗೆ ಮನದಟ್ಟಾಯಿತು.

ಆ ಮೇಲೆ ಲೆಕ್ಕವನ್ನು ಗೃಹಿಣಿಯೇ ಬರೆದಳು. ಮಕ್ಕಳು ನಿದ್ರೆಯಲ್ಲಿರುವಾಗಲೇ ಬೆಳಗಿನ ಐದು ಗಂಟೆಗೆ ಹೊರಡತಕ್ಕದ್ದು. ಎರಡು ಗಂಟೆಗೊಮ್ಮೆ ನಿಲ್ಲತಕ್ಕದ್ದು. ಮಧ್ಯಾಹ್ನ ಎರಡರೊಳಗಾಗಿ ತಂಗುವ ಊರನ್ನು ಸೇರತಕ್ಕದ್ದು. 350 ಕಿಲೋಮೀಟರಿಗೆ ಮೀರತಕ್ಕದ್ದಲ್ಲ. ನಾಗಪುರದಲ್ಲಿ ಒಂದು ದಿನ, ಕಾಶಿಯಲ್ಲಿ ಒಂದು ದಿನ ವಿಶ್ರಾಂತಿ. ಹೀಗೆ ಹೋಗುವುದಕ್ಕೆ ಎಂಟು ದಿನ, ಬರುವುದಕ್ಕೆ ಏಳು, ನೇಪಾಳದಲ್ಲಿ ಒಂಬತ್ತು. ಶಾಲೆಯ ರಜೆ ಇಷ್ಟು ದಿನಕ್ಕೆ ಸಾಲದು. ಹುಡುಗನ ಉಪಾಧ್ಯಾಯಿನಿಯವರನ್ನು ಕಂಡು ಉಳಿದ ದಿನಗಳಿಗೆ ಅಪ್ಪಣೆ ಬೇಡಿದೆವು. ದಿನಕ್ಕೊಂದು ಪುಟ ದಿನಚರಿ ಬರೆದು ತರಬೇಕೆಂದು ಹೇಳಿ ಒಪ್ಪಿದರು. ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವ ನಮ್ಮ ಹಳೆಯ ವಾಡಿಕೆಯನ್ನೂ ಕೈಬಿಟ್ಟಿದ್ದೇವೆ. 14 ವರ್ಷದೊಳಗಿನ ಮಕ್ಕಳನ್ನು ಪಟ್ಟಿ ಬಿಗಿದೇ ಕೂರಿಸಬೇಕೆಂದು 2019ರ ತಿದ್ದುಪಡಿ ಕಾಯಿದೆ ವಿಧಿಸುತ್ತದೆ. ಕಾಯಿದೆಯಿಲ್ಲದಿದ್ದರೂ, ಗಟ್ಟಿಯಾಗಿ ಬ್ರೇಕು ಹಾಕಿದಾಗ ತಾಯಿಯ ತೋಳು ಮಗುವನ್ನು ಹಿಡಿದು ನಿಲ್ಲಿಸಲಾರದು.

ಕಾಲದ ವಿಷಯ. ಬೇಸಗೆಯಲ್ಲಿ ನಾಗಪುರದ ಬಿಸಿಲು ಮಕ್ಕಳಿಗೆ ಸಲ್ಲದು. ಜೂನಿನಿಂದ ಸೆಪ್ಟೆಂಬರಿನವರೆಗೆ ನೇಪಾಳದಲ್ಲಿ ಮಳೆ. ಬೆಟ್ಟ ಜರಿದು ರಸ್ತೆಗಳು ಮುಚ್ಚುತ್ತವೆ. 2024ರ ಜುಲೈ 12ರಂದು ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯಲ್ಲಿ ಎರಡು ಬಸ್ಸುಗಳನ್ನು ಜರಿದ ಮಣ್ಣು ತ್ರಿಶೂಲಿ ನದಿಗೆ ನೂಕಿತು. ಅದೇ ವರ್ಷ ಸೆಪ್ಟೆಂಬರಿನ ಕೊನೆಯಲ್ಲಿಯೂ ಭಾರಿ ಮಳೆಯಿಂದ ಕಠ್ಮಂಡುವಿನ ಹೆದ್ದಾರಿಗಳು ಕಡಿದುಹೋಗಿದ್ದುವು. ಆದುದರಿಂದ ಅಕ್ಟೋಬರನ್ನೇ ಆರಿಸಿದೆವು. ಆದರೆ ನಮ್ಮ ದಸರೆಯೇ ಅವರ ದಶೈನ್. ಆಗ ಕಚೇರಿಗಳು ಮುಚ್ಚಿರುತ್ತವೆ, ಊರಿಗೆ ಮರಳುವವರಿಂದ ರಸ್ತೆಗಳು ಕಿಕ್ಕಿರಿದಿರುತ್ತವೆ. ವಿಜಯದಶಮಿ ಕಳೆದ ಮೇಲೆಯೇ ಗಡಿಯನ್ನು ದಾಟುವೆವು. ಬುಟವಲಿನಿಂದ ಪೋಖರಾಕ್ಕೆ ಹೋಗುವ ಸಿದ್ಧಾರ್ಥ ರಾಜಮಾರ್ಗವು ನಮ್ಮ ಘಟ್ಟದ ರಸ್ತೆಗಳಂತೆ ಸುತ್ತಿ ಸುತ್ತಿ ಏರುವುದರಿಂದ ಅದನ್ನು ಎರಡು ದಿನಕ್ಕೆ ಹಂಚಿ, ನಡುವೆ ತಾನಸೇನ್ ಊರಿನಲ್ಲಿ ತಂಗುವುದೆಂದು ಗೊತ್ತುಮಾಡಿದ್ದೇವೆ. 1950ರ ದಶಕದಲ್ಲಿ ತ್ರಿಭುವನ ರಾಜಪಥವಾಗುವವರೆಗೆ ಕಠ್ಮಂಡುವಿಗೆ ಮೋಟಾರು ರಸ್ತೆಯೇ ಇರಲಿಲ್ಲ. ರಾಣರ ಕಾರುಗಳನ್ನು ಕೂಲಿಗಳು ಹೆಗಲ ಮೇಲೆ ಹೊತ್ತು ಬೆಟ್ಟ ದಾಟಿಸುತ್ತಿದ್ದರು. ಇದನ್ನು ಕೇಳಿದಂದಿನಿಂದ ನಮ್ಮ ಹುಡುಗನು, ಗಾಡಿ ಕೆಟ್ಟರೆ ನಮ್ಮದನ್ನೂ ಹಾಗೆಯೇ ಹೊರುವರೇ ಎಂದು ವಿಚಾರಿಸುತ್ತಲಿದ್ದಾನೆ.

ಕಾಗದಪತ್ರಗಳ ತೊಡಕು ಹೆಚ್ಚಿಲ್ಲ. ಭಾರತೀಯರಿಗೆ ನೇಪಾಳದ ವೀಸಾ ಬೇಡ. ದೊಡ್ಡವರಿಗೆ ಪಾಸ್‌ಪೋರ್ಟು ಅಥವಾ ಮತದಾರರ ಗುರುತುಚೀಟಿ ಬೇಕು. ಹದಿನೈದು ವರ್ಷದೊಳಗಿನವರಿಗೂ ಅರವತ್ತೈದು ದಾಟಿದವರಿಗೂ ಗುರುತನ್ನೂ ವಯಸ್ಸನ್ನೂ ತೋರಿಸುವ ಭಾವಚಿತ್ರದ ಚೀಟಿ ಸಾಕು. ಅಜ್ಜಿ ಮೊಮ್ಮಕ್ಕಳನ್ನು ಕಾನೂನು ಒಂದೇ ಪಂಕ್ತಿಯಲ್ಲಿ ಕೂರಿಸಿದೆ. ಗಾಡಿಗೆ ಗಡಿಯ ಸುಂಕದ ಕಟ್ಟೆಯಲ್ಲಿ ಭನ್ಸಾರ್ ಎಂಬ ತೆರಿಗೆಯನ್ನು ದಿನದ ಲೆಕ್ಕದಲ್ಲಿ ಕಟ್ಟಬೇಕು. ಬೇಕಾದುದಕ್ಕಿಂತ ಎರಡು ದಿನ ಹೆಚ್ಚಾಗಿಯೇ ಕಟ್ಟುವುದು ಮೇಲು. ರಸ್ತೆ ಮುಚ್ಚಿ ತಡವಾದರೆ ದಂಡ ತಪ್ಪುತ್ತದೆ. ಇಲ್ಲಿನ ವಿಮೆ ತಾನಾಗಿ ಗಡಿಯಾಚೆ ನಡೆಯುವುದಿಲ್ಲ. ನೇಪಾಳಕ್ಕೂ ವಿಸ್ತರಿಸುವಂತೆ ಹಣ ಕಟ್ಟಿ ಬರೆಯಿಸಿಕೊಳ್ಳತಕ್ಕದ್ದು. ಇದನ್ನು ಮರೆಯುವವರು ಬಹಳ.

ಇಷ್ಟೆಲ್ಲ ಸರಿಹೋದ ಮೇಲೆ ನಿಜವಾದ ಕಷ್ಟ ಬಂದಿತು. ತಾಯಿಯವರಿಗೆ ಮುಕ್ತಿನಾಥದ ದರ್ಶನವಾಗಬೇಕು; ನಲವತ್ತು ವರ್ಷದ ಆಸೆ. ಆ ಕ್ಷೇತ್ರವು 3,700 ಮೀಟರಿಗೂ ಎತ್ತರದಲ್ಲಿದೆ. ಕಠ್ಮಂಡುವಾದರೆ ಸುಮಾರು 1,400 ಮೀಟರು, ನಮ್ಮ ಮಡಿಕೇರಿಗಿಂತ ಸ್ವಲ್ಪವೇ ಹೆಚ್ಚು, ಭಯವಿಲ್ಲ. 2,500 ಮೀಟರು ದಾಟಿದ ಮೇಲೆ ಗಾಳಿಯ ಸತ್ತ್ವ ಕಡಿಮೆಯಾಗಿ ತಲೆನೋವು, ವಾಕರಿಕೆ ಹಿಡಿಯುವುದುಂಟು. ಉಲ್ಬಣಿಸಿದರೆ ಪ್ರಾಣಕ್ಕೇ ಅಪಾಯ. ದೊಡ್ಡವರು ತಮ್ಮ ಸಂಕಟವನ್ನು ಹೇಳಿಕೊಳ್ಳುತ್ತಾರೆ. ನಾಲ್ಕು ವರ್ಷದ ಮಗು ಬರಿಯ ಹಟ ಮಾಡುತ್ತದೆ, ಅದು ಹಟವೋ ರೋಗವೋ ತಿಳಿಯುವುದು ಹೇಗೆ? ಮಗುವನ್ನು ಅಲ್ಲಿಗೆ ಕರೆದೊಯ್ಯುವುದಿಲ್ಲವೆಂದು ಗೃಹಿಣಿಯು ಖಂಡಿತವಾಗಿ ಹೇಳಿದಳು, ನಾವೂ ಒಪ್ಪಿದೆವು.

ತಾಯಿಯವರು ಆ ರಾತ್ರಿ ಏನನ್ನೂ ಹೇಳಲಿಲ್ಲ. ಬೆಳಿಗ್ಗೆ, "ಬೇಡ ಬಿಡಪ್ಪ. ಪಶುಪತಿನಾಥನ ಪೂಜೆಗೆ ಇರುವವರು ನಮ್ಮ ಕರ್ನಾಟಕದ ಭಟ್ಟರೇ ಅಂತೆ. ಅವರ ಕೈಯಿಂದ ತೀರ್ಥ ಸಿಕ್ಕಿದರೆ ನನಗೆ ಸಾಕು" ಎಂದರು. ಭಟ್ಟರ ಮಾತು ನಿಜವೇ. ಆದರೆ ಸಾಕೆಂಬ ಮಾತು ನಿಜವಲ್ಲವೆಂದು ಮನೆಯವರಿಗೆಲ್ಲ ತಿಳಿದಿತ್ತು. ಗೃಹಿಣಿಯೇ ಒಂದು ದಾರಿಯನ್ನು ಹುಡುಕಿದಳು. ಮಕ್ಕಳೊಡನೆ ತಾನು ಪೋಖರಾದ ಕೆರೆಯ ದಡದಲ್ಲಿ ಮೂರು ದಿನ ಉಳಿಯುವುದು. "ಅತ್ತೆಯವರನ್ನು ನೀವು ಕರೆದುಕೊಂಡು ಹೋಗಿಬನ್ನಿ" ಎಂದಳು. ಅಲ್ಲಿಂದ ಜೋಮ್‌ಸೋಮಿಗೆ ಬೆಳಗಿನ ಹೊತ್ತು ಸಣ್ಣ ವಿಮಾನಗಳುಂಟು. ಹೊತ್ತೇರಿದರೆ ಗಾಳಿ ಬಲವಾಗುತ್ತದೆ. ಆದರೆ ಇಳಿದ ದಿನವೇ ಮುಕ್ತಿನಾಥಕ್ಕೆ ಏರುವುದು ವೃದ್ಧರಿಗೂ ತರವಲ್ಲ. ಜೋಮ್‌ಸೋಮಿನಲ್ಲಿ ಒಂದು ರಾತ್ರಿಯಾದರೂ ತಂಗಿ ಮರುದಿನ ಹೋಗಬೇಕು. ಅದಕ್ಕೂ ಮುಂಚೆ ವೈದ್ಯರು ಹೃದಯವನ್ನು ಪರೀಕ್ಷಿಸಿ ಒಪ್ಪಬೇಕು. ಮುಂದಿನ ವಾರ ಕರೆದಿದ್ದಾರೆ.

ವೈದ್ಯರು ಏನು ಹೇಳುವರೋ ತಿಳಿಯದು. ನಿನ್ನೆ ಮಾಳಿಗೆಗೆ ಹೋಗಿ ನೋಡಿದರೆ, ಪೆಟ್ಟಿಗೆಯ ತಳದಲ್ಲಿದ್ದ ತಂದೆಯವರ ಉಣ್ಣೆಯ ಶಾಲು ಬಿಸಿಲಿನಲ್ಲಿ ಹರಡಿತ್ತು. ಪಕ್ಕದಲ್ಲಿ ತಾಯಿಯವರು ಸೂಜಿದಾರ ಹಿಡಿದು ಅದರ ತೂತುಗಳನ್ನು ಹೊಲಿಯುತ್ತ ಕುಳಿತಿದ್ದರು.