ತಟ್ಟೆಯ ಜಗಳ, ಮರೆತ ಲಸಿಕೆ

ಪುಣೆಯಿರಲಿ, ಚೆನ್ನೈ ಇರಲಿ, ನಾಯಿ ಸಾಕಿದ ನಾಲ್ಕು ಜನ ಕನ್ನಡಿಗರು ಸೇರಿದರೆ ಮಾತು ಊಟಕ್ಕೇ ಹೋಗುತ್ತದೆ. ಒಬ್ಬರದು ಮೊಸರನ್ನ, ಇನ್ನೊಬ್ಬರದು ಹಸಿಮಾಂಸ, ಮತ್ತೊಬ್ಬರದು ‘ಧಾನ್ಯರಹಿತ’ ಎಂದು ಬರೆದ ದುಬಾರಿ ಚೀಲ. ವಾದ ಗಂಟೆಗಟ್ಟಲೆ ನಡೆಯುತ್ತದೆ. ಕಳೆದ ರೇಬೀಸ್ ಲಸಿಕೆ ಹಾಕಿಸಿದ್ದು ಯಾವ ತಿಂಗಳಲ್ಲಿ ಎಂದು ಕೇಳಿ ನೋಡಿ, ಬಹಳಷ್ಟು ಮಂದಿ ತಡವರಿಸುತ್ತಾರೆ. ಇದನ್ನು ಪ್ರೀತಿ ಎಂದು ಕರೆಯುವುದು ಸಾಕು.

ನಾಯಿ ತೋಳದ ಸಂತತಿ, ಅದಕ್ಕೆ ಅನ್ನ ಒಗ್ಗದು ಎನ್ನುವವರಿದ್ದಾರೆ. 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. ಪಿಷ್ಟ ಅರಗಿಸುವ ಅಮೈಲೇಸ್ ಜೀನ್‌ನ ಪ್ರತಿಗಳು ತೋಳದಲ್ಲಿ 2, ನಾಯಿಗಳಲ್ಲಿ 4ರಿಂದ 30. ಸಾವಿರಾರು ವರ್ಷ ಮನುಷ್ಯನ ಒಲೆಯ ಬಳಿ ಬದುಕಿದ ಪ್ರಾಣಿ ಅದು. ಇನ್ನು ‘ರಹಿತ’ ಎಂಬ ಪದ: ವಿಷರಹಿತ, ಕಲಬೆರಕೆರಹಿತ ಎಂಬ ಸಾಲಿನಲ್ಲಿ ಅದು ಅಕ್ಕಿಯನ್ನೂ ತಂದು ನಿಲ್ಲಿಸುತ್ತದೆ. ತೆಗೆದ ಅಕ್ಕಿಯ ಜಾಗಕ್ಕೆ ಸಾಮಾನ್ಯವಾಗಿ ಬಟಾಣಿ, ಬೇಳೆ, ಆಲೂಗಡ್ಡೆ ಬಂದಿರುತ್ತವೆ. ಅಂಥ ಆಹಾರಕ್ಕೂ ಒಂದು ಬಗೆಯ ಹೃದ್ರೋಗಕ್ಕೂ ನಂಟಿದೆಯೇ ಎಂದು ಅಮೆರಿಕದ ಎಫ್‌ಡಿಎ 2018ರಲ್ಲಿ ತನಿಖೆ ಆರಂಭಿಸಿತು. ನಂಟು ಸಾಬೀತಾಗಿಲ್ಲ ನಿಜ. ಅಕ್ಕಿ ತೆಗೆದರೆ ಆರೋಗ್ಯ ಹೆಚ್ಚುತ್ತದೆ ಎಂಬುದೂ ಸಾಬೀತಾಗಿಲ್ಲ.

ಹಾಗೆಂದು ಮೊಸರನ್ನದ ಪಕ್ಷ ಗೆಲ್ಲುವುದಿಲ್ಲ. ಬರೀ ಮೊಸರನ್ನದಲ್ಲಿ ಪ್ರೋಟೀನ್ ಸಾಲದು. ಮನೆಮಂದಿಯ ಸಾರು ಸುರಿದರೆ ಅದರೊಳಗಿನ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳಿಗೆ ಹಾನಿ ಮಾಡುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡವನ್ನೇ ಕೆಡಿಸಬಲ್ಲವು. ಹಸಿಮಾಂಸದಲ್ಲಿ ಸಾಲ್ಮೊನೆಲ್ಲಾ ಇದ್ದರೆ ಅದು ನಾಯಿಯ ತಟ್ಟೆಯಿಂದ ಮಗುವಿನ ಕೈಗೂ ಬರುತ್ತದೆ.

“ಊರಲ್ಲಿ ಅಜ್ಜನ ಮನೆಯ ನಾಯಿಗೆ ಯಾರು ಸೂಜಿ ಹಾಕಿಸಿದ್ದರು?” ಎಂಬುದು ಕೊನೆಯ ಅಸ್ತ್ರ. ಬದುಕಿದ ನಾಯಿಗೆ ಹೆಸರಿತ್ತು, ಅದು ನೆನಪಿನಲ್ಲಿದೆ. ಅದರ ಜೊತೆಗೇ ಹುಟ್ಟಿ ರಕ್ತಭೇದಿಯಾಗಿ ಸತ್ತ ಮರಿಗಳನ್ನು ಯಾರೂ ಲೆಕ್ಕ ಇಡಲಿಲ್ಲ. ಮರಿಗಳನ್ನು ಹಾಗೆ ಕೊಲ್ಲುವ ಪಾರ್ವೊಗೆ ಇಂದು ಲಸಿಕೆಯಿದೆ. ಆರೆಂಟು ವಾರಕ್ಕೆ ಶುರುಮಾಡಿ 16 ವಾರ ತುಂಬುವವರೆಗೆ ಮೂರ್ನಾಲ್ಕು ವಾರಕ್ಕೊಮ್ಮೆ ಹಾಕಿಸಬೇಕು. ತಾಯಿಯ ಮೊದಲ ಹಾಲಿನಿಂದ ಬಂದ ಪ್ರತಿಕಾಯಗಳು ಲಸಿಕೆಯ ಕೆಲಸಕ್ಕೆ ಅಡ್ಡಬರುತ್ತವೆ. ಅವು ಯಾವ ವಾರ ಕರಗುತ್ತವೆ ಎಂದು ಮೊದಲೇ ಹೇಳಲಾಗದು. ಒಂದೇ ಡೋಸಿಗೆ ನಿಲ್ಲಿಸಿದರೆ ಹಾಕಿಸಿದ್ದೂ ವ್ಯರ್ಥವಾಗಬಹುದು. ಮಳೆನೀರು ನಿಲ್ಲುವ ಮುಂಬೈಯಂಥ ಊರಲ್ಲಿ ಇಲಿಜ್ವರದ ಲಸಿಕೆಯನ್ನೂ ಬಿಡುವಂತಿಲ್ಲ.

ಊಟ ಒಂದು ಮನೆಯ ವಿಷಯ ಎನ್ನಬಹುದು. ರೇಬೀಸ್ ಹಾಗಲ್ಲ. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ನೂರಕ್ಕೆ 99ರಷ್ಟು ನಾಯಿಯಿಂದಲೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲಕ್ಷಣ ಕಾಣಿಸಿದ ಮೇಲೆ ಸಾವು ಬಹುತೇಕ ಖಚಿತ. ಲಿಫ್ಟಿನಲ್ಲಿ ಜೊತೆಗಿಳಿಯುವ ಮಗುವಿಗೆ, ಗೇಟಿನ ವಾಚ್‌ಮನ್‌ಗೆ, ಮನೆಗೆಲಸಕ್ಕೆ ಬರುವ ಹೆಂಗಸಿಗೆ ನಾಯಿ ಏನು ತಿಂದಿತೆಂಬುದು ಬೇಕಿಲ್ಲ. ಆ ಕಾರ್ಡಿನ ಮೇಲಿನ ದಿನಾಂಕ ಬೇಕು. ಅದು ಹಳೆಯದಾಗಿದ್ದರೆ, ಹಸಿಮಾಂಸವೋ ಮೊಸರನ್ನವೋ ಎಂಬ ಚರ್ಚೆ ನಾಳೆಗಿರಲಿ. ಇಂದು ನಾಯಿಯನ್ನು ಡಾಕ್ಟರ ಹತ್ತಿರ ಕರೆದೊಯ್ಯಿರಿ.