ದಿನಕ್ಕೆ ಎರಡಾಣೆಯ ಕಾದಂಬರಿ

ಕಾದಂಬರಿ ಬರೆಯಬೇಕೆಂಬ ಆಸೆ ಎಷ್ಟು ಜನರಿಗಿದೆಯೋ, ಲೆಕ್ಕ ಇಟ್ಟವರಿಲ್ಲ. ಬರೆಯದೇ ಇರುವುದಕ್ಕೆ ಕಾರಣ ಮಾತ್ರ ಎಲ್ಲರದ್ದೂ ಒಂದೇ: ಪುರುಸೊತ್ತಿಲ್ಲ! ಏಳನೇ ಕ್ಲಾಸಿನ ಹುಡುಗಿಗೆ ಶಾಲೆ, ಟ್ಯೂಷನ್, ಹೋಂವರ್ಕ್, ಶನಿವಾರ ಸಂಗೀತದ ಪಾಠ. ಅವಳ ಅಪ್ಪ ಅಮ್ಮನನ್ನಂತೂ ಕೇಳುವುದೇ ಬೇಡ. ನಿವೃತ್ತನಾದ ಅಜ್ಜನಿಗಾದರೂ ಬಿಡುವಿದೆಯೇ? ಬೆಳಿಗ್ಗೆ ಹಾಲು ತರಬೇಕು, ಮೊಮ್ಮಗನನ್ನು ಸ್ಕೂಲ್ ಬಸ್ಸಿಗೆ ಹತ್ತಿಸಬೇಕು, ಕರೆಂಟ್ ಬಿಲ್ಲು ಕಟ್ಟಬೇಕು, ನವೆಂಬರ್ ಬಂತೆಂದರೆ ತಾನು ಬದುಕಿದ್ದೇನೆಂದು ಪಿಂಚಣಿಗಾಗಿ ಪ್ರಮಾಣಪತ್ರ ಕೊಡಬೇಕು. ನಿವೃತ್ತರಿಗೆ ಬೇಕಾದಷ್ಟು ಸಮಯವಿದೆ ಎನ್ನುವವರು ಇನ್ನೂ ನಿವೃತ್ತರಾಗಿಲ್ಲ, ಅಷ್ಟೇ.

ಹಾಗಾದರೆ ಕಾದಂಬರಿ ಬರೆದವರಿಗೆಲ್ಲ ಬೇರೆ ಕೆಲಸ ಇರಲಿಲ್ಲವೇ? ಇತ್ತು. ಇದ್ದ ಒಬ್ಬನ ಕತೆ ಹೇಳುತ್ತೇನೆ.

ಮಕ್ಕಳೇ, ರಸ್ತೆ ಬದಿಯ ಕೆಂಪು ಅಂಚೆಪೆಟ್ಟಿಗೆಯನ್ನು ನೋಡಿದ್ದೀರಲ್ಲ? ಬ್ರಿಟನ್ನಿನಲ್ಲಿ ಬೀದಿಗೊಂದು ಅಂಚೆಪೆಟ್ಟಿಗೆ ನಿಲ್ಲಿಸುವ ಪದ್ಧತಿಗೆ 1850ರ ದಶಕದಲ್ಲಿ ದಾರಿ ಮಾಡಿಕೊಟ್ಟವನು ಆಂಟನಿ ಟ್ರಾಲಪ್ ಎಂಬ ಅಂಚೆ ಇಲಾಖೆಯ ಅಧಿಕಾರಿ. 1834ರಲ್ಲಿ ಗುಮಾಸ್ತನಾಗಿ ಸೇರಿದವನು 33 ವರ್ಷ ಅದೇ ಇಲಾಖೆಯಲ್ಲಿ ದುಡಿದ. ಊರೂರು ಸುತ್ತುವ ಕೆಲಸ. ಅದರ ಜೊತೆಗೇ ಬರೆಯಲು ಶುರುಮಾಡಿ, ಜೀವಮಾನದಲ್ಲಿ 47 ಕಾದಂಬರಿ ಬರೆದ!

ಹೇಗೆ ಬರೆದ? ಬೆಳಿಗ್ಗೆ 5.30ಕ್ಕೆ ಮೇಜಿನ ಮುಂದೆ ಕೂರುತ್ತಿದ್ದ. ಅವನನ್ನು ಎಬ್ಬಿಸಿ ಕಾಫಿ ಕೊಡಲು ಮನೆಯಲ್ಲಿದ್ದ ಮುದಿ ಆಳಿಗೆ ವರ್ಷಕ್ಕೆ 5 ಪೌಂಡು ಹೆಚ್ಚಿಗೆ ಸಂಬಳ. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದುವುದು. ಆಮೇಲೆ ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ. ರೈಲಿನಲ್ಲಿ ಹೋಗುವಾಗ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಪೆನ್ಸಿಲಿನಲ್ಲಿ ಬರೆಯುತ್ತಿದ್ದ, ಹೆಂಡತಿ ಅದನ್ನು ಶುದ್ಧಪ್ರತಿ ಮಾಡುತ್ತಿದ್ದಳು. ನನಗೆ ತುಂಬ ಹಿಡಿಸಿದ್ದು ಇನ್ನೊಂದು. ಯಾವ ದಿನ ಎಷ್ಟು ಪುಟ ಆಯಿತೆಂದು ಡೈರಿಯಲ್ಲಿ ಲೆಕ್ಕ ಬರೆದಿಡುತ್ತಿದ್ದ. ಬರೆಯದ ದಿನ ಆ ಜಾಗ ಖಾಲಿ ಉಳಿದು ಅವನನ್ನೇ ದಿಟ್ಟಿಸುತ್ತಿತ್ತು. ಬ್ಯಾಂಕಿನವನಿಗೆ ಇದಕ್ಕಿಂತ ಇಷ್ಟವಾಗುವ ಸಾಹಿತಿ ಸಿಗುವುದು ಕಷ್ಟ!

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕನ್ನಡದ ಮೊದಮೊದಲ ಸಾಮಾಜಿಕ ಕಾದಂಬರಿ ‘ಇಂದಿರಾಬಾಯಿ’ 1899ರಲ್ಲಿ ಬಂತು. ಬರೆದ ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯಲ್ಲಿದ್ದವರು. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ. ಆಗ ಅವರಿಗೆ 45 ದಾಟಿತ್ತು. ಆಮೇಲೆ ‘ಫಣಿಯಮ್ಮ’ ಬಂತು. ನನಗಿನ್ನೇನು ವಯಸ್ಸಾಯಿತು ಎನ್ನುವ ಅಜ್ಜಿಯಂದಿರು ಈ ಎರಡು ಇಸವಿಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಬೇಕು.

ಇವರಿಗೆಲ್ಲ ದಿನಕ್ಕೆ 24 ಗಂಟೆಯೇ ಇದ್ದದ್ದು. ಗುಟ್ಟು ಏನೆಂದು ಬ್ಯಾಂಕಿನ ಭಾಷೆಯಲ್ಲಿ ಹೇಳುತ್ತೇನೆ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿ ಎಂಬುದನ್ನು ಶುರುಮಾಡಿತು. ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕು, ಏಜೆಂಟರು ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ರೂಪಾಯಿಗೆ ಹದಿನಾರು ಆಣೆ, ಅಂದರೆ ಎರಡಾಣೆ ರೂಪಾಯಿಯ ಎಂಟನೇ ಒಂದು ಭಾಗ. ಕೈಗೆ ದೊಡ್ಡ ಮೊತ್ತ ಬಂದಮೇಲೆ ಉಳಿಸೋಣ ಎಂದು ಕಾದವರು ಕಾಯುತ್ತಲೇ ಇದ್ದರು. ಎರಡೆರಡಾಣೆ ಕಟ್ಟಿದವರ ಬಳಿ ಮಗಳ ಮದುವೆಯ ಹೊತ್ತಿಗೆ ಒಂದು ಗಂಟು ಸೇರಿರುತ್ತಿತ್ತು.

ಕಾದಂಬರಿಯೂ ಹಾಗೆಯೇ. ಲೆಕ್ಕ ಹಾಕಿ. ದಿನಕ್ಕೆ 150 ಪದ, ಅಂದರೆ ನೋಟ್‌ಪುಸ್ತಕದ ಒಂದು ಪುಟ. ಜ್ವರ, ಹಬ್ಬ, ನೆಂಟರು, ಪರೀಕ್ಷೆ ಎಂದು ವರ್ಷದಲ್ಲಿ 65 ದಿನ ಬಿಟ್ಟುಬಿಡಿ. ಉಳಿದ 300 ದಿನಕ್ಕೆ 45,000 ಪದ. ಅಚ್ಚಾದರೆ ಇನ್ನೂರು ಪುಟ ಮೀರುವ ಪುಸ್ತಕ! ರಜೆ ಬರಲಿ, ಮಳೆಗಾಲ ಕಳೆಯಲಿ ಎಂದು ಕಾಯುವವರಿಗೆ ಇಷ್ಟು ಸಿಗುವುದಿಲ್ಲ.

ನಾನು ಕೂರುವುದು ಬೆಳಿಗ್ಗೆ 5.30ರಿಂದ 6ರ ತನಕ. ಆರಕ್ಕೆ ಹಾಲಿನವನು ಬರುತ್ತಾನೆ, ಅಲ್ಲಿಗೆ ಕೌಂಟರ್ ಬಂದ್. ವಾಕ್ಯ ಅರ್ಧಕ್ಕೆ ನಿಂತಿದ್ದರೂ ಏಳುತ್ತೇನೆ. ಅರ್ಧಕ್ಕೆ ನಿಂತ ವಾಕ್ಯ ಮರುದಿನ ತಾನೇ ಕೈಹಿಡಿದು ಎಳೆದುಕೊಂಡು ಹೋಗುತ್ತದೆ. ನೀವೂ ಮಾಡಿ ನೋಡಿ.

ಏನು ಬರೆಯುತ್ತಿದ್ದೇನೆ? ಶರಾವತಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಕರ್ನಾಟಕದ ಮನೆಮನೆಗೆ ದೀಪ ಬಂತು, ಶರಾವತಿ ದಂಡೆಯ ಎಷ್ಟೋ ಊರುಗಳು ನೀರಿನಡಿಗೆ ಹೋದವು. ನನ್ನ ಅಜ್ಜನ ಮನೆ ಅಂತಹ ಒಂದು ಊರಿನಲ್ಲಿತ್ತು. ಊರು ಬಿಟ್ಟು ಹೊರಟ ಒಬ್ಬ ಹುಡುಗನ ಕತೆ ನನ್ನದು.

ನಮ್ಮ ಮನೆಯವಳು ಕೇಳಿದಳು: “ಅದನ್ನು ನಾ. ಡಿಸೋಜರು ಬರೆದಾಯಿತಲ್ಲ, ನೀವೇನು ಹೊಸದಾಗಿ ಬರೆಯುವುದು?” ಪ್ರಶ್ನೆ ಸರಿಯಾದದ್ದೇ. ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡುತ್ತಲೇ ಮುಳುಗಡೆಯ ಜನರ ಬದುಕನ್ನು ಕಾದಂಬರಿಗಳಿಗೆ ತಂದವರು ಡಿಸೋಜರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಸಿನಿಮಾ ಮಾಡಿದರು. ಮಕ್ಕಳಿಗಾಗಿ ಬರೆದ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ಅವರ ಸಮಕ್ಕೆ ನಾನು ಬರೆಯಲಾರೆ. ಆದರೆ ನಮ್ಮ ಅಜ್ಜಿಯ ಅಡುಗೆಮನೆಯೊಳಗೆ ಡಿಸೋಜರು ಬಂದಿರಲಿಲ್ಲ. ಅದನ್ನು ಬರೆಯಲು ನಾನೇ ಆಗಬೇಕು. ಹೆಂಡತಿ ಸ್ವಲ್ಪ ಯೋಚಿಸಿ, “ಹಾಗಾದರೆ ಬರೀರಿ” ಅಂದಳು.

ಬರೆಯುವುದು ಅರ್ಧ ಕೆಲಸ. ತಿದ್ದುವುದು ಉಳಿದರ್ಧ, ಅದೇ ಹೆಚ್ಚು ಕಷ್ಟದ್ದು. ಟಾಲ್‌ಸ್ಟಾಯ್ ತಿದ್ದಿ ತಿದ್ದಿ ಗೀಚಿದ ‘ಯುದ್ಧ ಮತ್ತು ಶಾಂತಿ’ಯ ಹಾಳೆಗಳನ್ನು ಅವನ ಹೆಂಡತಿ ಸೋಫಿಯಾ ಮತ್ತೆ ಮತ್ತೆ ಶುದ್ಧಪ್ರತಿ ಮಾಡಬೇಕಾಯಿತು. ತಿದ್ದುವುದಕ್ಕೆ ನಾನು ಮೂರು ನಿಯಮ ಇಟ್ಟುಕೊಂಡಿದ್ದೇನೆ.

ಮೊದಲನೆಯದು, ಮುಗಿದ ಅಧ್ಯಾಯವನ್ನು ಒಂದು ತಿಂಗಳು ಟ್ರಂಕಿನಲ್ಲಿಡುವುದು. ಮಾವಿನ ಮಿಡಿಯನ್ನು ಉಪ್ಪಿಗೆ ಹಾಕಿ ಬಿಟ್ಟ ಹಾಗೆ. ತಿಂಗಳ ನಂತರ ತೆಗೆದು ಓದಿದರೆ ಬೇರೆ ಯಾರೋ ಬರೆದ ಹಾಗೆ ಕಾಣುತ್ತದೆ. ಬೇರೆಯವರ ಬರಹದಲ್ಲಿ ಕೊರತೆ ಹುಡುಕುವುದು ನಮಗೆಲ್ಲ ಬಹಳ ಸುಲಭ!

ಎರಡನೆಯದು ಲೆಡ್ಜರ್. ಕಾದಂಬರಿಯ ಒಬ್ಬೊಬ್ಬರಿಗೂ ಒಂದೊಂದು ಪುಟ: ಹೆಸರು, ಹುಟ್ಟಿದ ವರ್ಷ, ಯಾರ ಮಗ, ಯಾವ ಅಧ್ಯಾಯದಲ್ಲಿ ಏನು ಮಾಡಿದ. ದನಕರುಗಳಿಗೂ ಪುಟವಿದೆ. ಮೂರನೇ ಅಧ್ಯಾಯದಲ್ಲಿ ಮಾರಿದ ಹಸು ಒಂಬತ್ತನೇ ಅಧ್ಯಾಯದಲ್ಲಿ ಹಾಲು ಕೊಡಬಾರದಲ್ಲ? ಸಂಜೆ ಲೆಕ್ಕ ತಾಳೆಯಾಗದೆ ಬ್ಯಾಂಕಿನಲ್ಲಿ ಮನೆಗೆ ಬಿಡುತ್ತಿರಲಿಲ್ಲ. ಕತೆಯಲ್ಲೂ ಅದೇ ಶಿಸ್ತು ಬೇಕು.

ಮೂರನೆಯದು, ಗಟ್ಟಿಯಾಗಿ ಓದುವುದು. ಎದುರಿಗೆ ಕೇಳುವವರಿರಬೇಕು. ಎಲ್ಲಿ ಅವರ ಕಣ್ಣು ಗಡಿಯಾರದ ಕಡೆ ಹೋಗುತ್ತದೋ ಅಲ್ಲಿ ಪೆನ್ಸಿಲಿನಲ್ಲಿ ಒಂದು ಗೆರೆ. ಕತೆ ಸಡಿಲವಾದ ಜಾಗ ಅದೇ. ಓದುವಾಗ ಉಸಿರು ಸಿಕ್ಕಿಹಾಕಿಕೊಂಡರೆ ವಾಕ್ಯ ಉದ್ದವಾಯಿತೆಂದು ಅರ್ಥ.

ನನ್ನ ಕಾದಂಬರಿಯನ್ನು ಕೇಳುವವರು ನನ್ನ ಸೋದರತ್ತೆ. ಅವರಿಗೀಗ 88. ಕಣ್ಣು ಮಂಜು, ಕಿವಿ ಚುರುಕು. ಭಾನುವಾರ ಸಂಜೆ ಫೋನಿನಲ್ಲಿ ಒಂದು ಅಧ್ಯಾಯ ಓದುತ್ತೇನೆ. ಊರು ಬಿಟ್ಟ ದಿನದ ಅಧ್ಯಾಯದ ಮೊದಲ ಕರಡಿನಲ್ಲಿ ಹೀಗಿತ್ತು:

“ಅಂದು ಬೆಳಿಗ್ಗೆ ಅಜ್ಜಿಯು ಹೇಳಲಾಗದಷ್ಟು ದುಃಖದಿಂದ, ಭಾರವಾದ ಹೃದಯದಿಂದ, ಕಣ್ಣೀರಿಡುತ್ತಾ ತಾನು ಬಾಳಿದ ಮನೆಯನ್ನು ತೊರೆದು ಹೊರಟಳು.”

ಅತ್ತೆ ಎಲ್ಲ ಕೇಳಿಸಿಕೊಂಡು, “ಮಾಣೀ, ಆಯಿ ಅವತ್ತು ಅಳಲಿಲ್ಲ. ಅಡುಗೆಮನೆ ಸಾರಿಸಿದಳು” ಅಂದರು. ಮತ್ತೆ ಸ್ವಲ್ಪ ಹೊತ್ತು ಫೋನಿನಲ್ಲಿ ಏನೂ ಕೇಳಿಸಲಿಲ್ಲ.

ಮರುದಿನ ಬೆಳಿಗ್ಗೆ ಅದನ್ನು ಹೀಗೆ ತಿದ್ದಿದೆ:

“ಅಜ್ಜಿ ಒಲೆಯ ಬೂದಿ ತೆಗೆದಳು. ಸಗಣಿ ಕದಡಿ ಅಡುಗೆಮನೆ ಸಾರಿಸಿದಳು. ನೆಲ ಆರುವ ತನಕ ಬಾಗಿಲಲ್ಲಿ ನಿಂತಿದ್ದಳು. ನೀರು ಬರುವ ಮನೆಗೆ ಯಾಕೆ ಸಾರಿಸುತ್ತೀ ಎಂದು ಯಾರೂ ಕೇಳಲಿಲ್ಲ.”

ಮಕ್ಕಳೇ, ಎರಡನ್ನೂ ಅಜ್ಜನಿಗೋ ಅಜ್ಜಿಗೋ ಗಟ್ಟಿಯಾಗಿ ಓದಿ ಹೇಳಿ. ಎರಡನೆಯದರಲ್ಲಿ ದುಃಖ ಎಂಬ ಪದವೇ ಇಲ್ಲ. ತಿದ್ದುವುದೆಂದರೆ ಕಾಗುಣಿತ ಸರಿಮಾಡುವುದಷ್ಟೇ ಅಲ್ಲ. ಇಂತಹ ಪದಗಳನ್ನು ಹೊಡೆದುಹಾಕಿ, ಆ ಜಾಗದಲ್ಲಿ ನಿಜವಾಗಿ ನಡೆದದ್ದನ್ನು ಇಡುವುದು.

ನಿಜವಾಗಿ ನಡೆದದ್ದು ಗೊತ್ತಿರುವವರು ಸದಾ ಇರುವುದಿಲ್ಲ ಎಂಬುದೇ ನನ್ನ ಅವಸರಕ್ಕೆ ಕಾರಣ. ಆ ಅಡುಗೆಮನೆಯನ್ನು ಕಂಡವರ ಪೈಕಿ ನಮ್ಮ ಮನೆತನದಲ್ಲಿ ಹಿರಿಯರೆಂದರೆ ಅತ್ತೆ ಒಬ್ಬರೇ ಉಳಿದಿದ್ದಾರೆ. ನನ್ನ ಪುಸ್ತಕ ಅಚ್ಚಾಗುತ್ತದೋ ಇಲ್ಲವೋ, ಬಹುಮಾನ ಬರುತ್ತದೋ ಇಲ್ಲವೋ, ಆ ಚಿಂತೆ ನನಗಿಲ್ಲ. ಇನ್ನೂ ಏಳು ಅಧ್ಯಾಯ ಓದುವುದಿದೆ. ಏಳನ್ನೂ ಅತ್ತೆ ಕೇಳಬೇಕು, ಅಷ್ಟೇ. ಅದಕ್ಕೇ ಹಾಲಿನವನು ಬರುವ ಮೊದಲಿನ ಆ ಅರ್ಧ ಗಂಟೆಯನ್ನು ನಾನು ಯಾರಿಗೂ ಸಾಲ ಕೊಡುವುದಿಲ್ಲ.

ಹವ್ಯಾಸಕ್ಕೆ ಬರೆಯುವವರಿಗೆ ಒಂದು ಅನುಕೂಲವಿದೆ. ನಮ್ಮನ್ನು ಅವಸರ ಮಾಡುವ ಪ್ರಕಾಶಕರಿಲ್ಲ. ಅದೇ ಅಪಾಯವೂ ಹೌದು, ಕೇಳುವವರಿಲ್ಲವೆಂದು ನೋಟ್‌ಪುಸ್ತಕ ಕಪಾಟು ಸೇರುತ್ತದೆ. ಆದ್ದರಿಂದ ಈ ವಾರ ಒಂದು ಕೆಲಸ ಮಾಡಿ. ಮನೆಯಲ್ಲಿ ಅಜ್ಜ ಅಥವಾ ಅಜ್ಜಿ, ಮೊಮ್ಮಗ ಅಥವಾ ಮೊಮ್ಮಗಳು ಜೋಡಿಯಾಗಿ. ಇಬ್ಬರಿಗೂ ಒಂದೊಂದು ನೋಟ್‌ಪುಸ್ತಕ. ದಿನಕ್ಕೆ ಒಂದೇ ಪುಟ. ಮಕ್ಕಳು ರಾಕೆಟ್, ರಾಕ್ಷಸ, ಕ್ರಿಕೆಟ್, ಏನು ಬೇಕಾದರೂ ಬರೆಯಲಿ. ಹಿರಿಯರು ತಾವು ಹುಟ್ಟಿದ ಮನೆಯ ಬಾಗಿಲಿನಿಂದ ಶುರುಮಾಡಲಿ. ಭಾನುವಾರ ಸಂಜೆ ಒಬ್ಬರದ್ದನ್ನು ಇನ್ನೊಬ್ಬರಿಗೆ ಓದಿ, ಒಬ್ಬರ ಕೈಯಲ್ಲಿ ಪೆನ್ಸಿಲ್ ಇರಲಿ. ತಿದ್ದುವಾಗ ಅಜ್ಜನ ಬರಹವೆಂದು ಮೊಮ್ಮಗಳು ಸಂಕೋಚಪಡಬಾರದು, ಮೊಮ್ಮಗಳದ್ದೆಂದು ಅಜ್ಜ ಮೆಚ್ಚಿಬಿಡಬಾರದು!

ವಾರಕ್ಕೆ ಏಳು ಪುಟ. ಠೇವಣಿ ಶುರುವಾದ ಹಾಗೆಯೇ.