ವಾರ್ಷಿಕ ಮಹಾಸಭೆ ಬರಿಯ ಶಾಸ್ತ್ರವಲ್ಲ

ಸದಸ್ಯರಲ್ಲಿ ಪರಸ್ಪರ ವಿಶ್ವಾಸವಿದ್ದರೆ ಕ್ಲಬ್ಬಿನ ವಾರ್ಷಿಕ ಮಹಾಸಭೆಗೆ ನೋಟಿಸು, ಕೋರಂ, ಮತದಾನಗಳ ಕಟ್ಟುಪಾಡು ಬೇಕಿಲ್ಲ, ಅದು ಸಂಸ್ಥೆಯ ಒಳಗಿನ ವಿಚಾರ ಎಂಬ ಅಭಿಪ್ರಾಯ ಒಪ್ಪತಕ್ಕದ್ದಲ್ಲ. ಪದಾಧಿಕಾರಿಗಳು ಲೆಕ್ಕ ಒಪ್ಪಿಸಿ, ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸಲೇಬೇಕಾದ ವೇದಿಕೆ ಈ ಸಭೆ.

ಉದಾಹರಣೆಗೆ, ಚೆನ್ನೈನ ಸಂಘಗಳಿಗೆ ಅನ್ವಯಿಸುವ 1975ರ ತಮಿಳುನಾಡು ಸಂಘಗಳ ನೋಂದಣಿ ಕಾಯ್ದೆ ಸಮಿತಿಯ ಅವಧಿಯನ್ನು ಮೂರು ವರ್ಷಕ್ಕೆ ಮಿತಿಗೊಳಿಸುತ್ತದೆ. ನಿಯಮ ತಿದ್ದುಪಡಿಯಂಥ ವಿಶೇಷ ನಿರ್ಣಯಕ್ಕೆ 21 ದಿನಗಳ ನೋಟಿಸು ಹಾಗೂ ಮತ ಹಾಕುವ ಅರ್ಹತೆಯುಳ್ಳ, ಹಾಜರಿರುವ ಸದಸ್ಯರ ಮುಕ್ಕಾಲು ಪಾಲು ಬಹುಮತ ಬೇಕು. ಊರಿನಲ್ಲಿಲ್ಲದವನಿಗೂ ವಿಷಯ ತಿಳಿಯಲಿ, ನಾಲ್ಕು ಜನ ಕೂಡಿ ನಿಯಮ ತಿದ್ದದಿರಲಿ ಎಂಬುದೇ ಇದರ ಉದ್ದೇಶ.

ಇದೇ ಕಾಯ್ದೆಯಡಿ ನೋಂದಾಯಿತವಾದ ಸಂಘ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿ. 2014ರ ಸೆಪ್ಟೆಂಬರ್‌ನಲ್ಲಿ ನಡೆಯಬೇಕಿದ್ದ ಅದರ ಮಹಾಸಭೆ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2015ರ ಜನವರಿ 22ರಂದು ಸುಪ್ರೀಂ ಕೋರ್ಟ್, ಪದಾಧಿಕಾರಿಗಳ ವಾಣಿಜ್ಯ ಹಿತಾಸಕ್ತಿಗೆ ಅವಕಾಶ ಕೊಟ್ಟಿದ್ದ 6.2.4ನೇ ನಿಯಮವನ್ನು ರದ್ದುಗೊಳಿಸಿ, ಆರು ವಾರಗಳೊಳಗೆ ಚುನಾವಣೆ ನಡೆಸುವಂತೆ ಆದೇಶಿಸಿತು. ಮಾರ್ಚ್ 2ರಂದು ಚೆನ್ನೈನಲ್ಲೇ ಸಭೆ ನಡೆದು ಜಗಮೋಹನ್ ದಾಲ್ಮಿಯಾ ಅಧ್ಯಕ್ಷರಾದರು. ಒಳಗಿನ ವಿಚಾರವೆಂಬ ವಾದ ಅಲ್ಲಿ ನಿಲ್ಲಲಿಲ್ಲ.

ಸಣ್ಣ ಸಂಘಗಳಿಗೆ ನಿಯಮಗಳು ಹೊರೆ ಎಂಬ ಮಾತೂ ಪೊಳ್ಳು. ಸಕಾಲಕ್ಕೆ ನೋಟಿಸು, ಪರಿಶೋಧಿತ ಲೆಕ್ಕ, ನಡಾವಳಿಯ ದಾಖಲೆ, ನ್ಯಾಯವಾದ ಮತದಾನ, ಇಷ್ಟು ಸಾಕು. ಇಷ್ಟನ್ನೂ ಮಾಡದ ಸಮಿತಿಗೆ ಸದಸ್ಯರ ಚಂದಾ ಹಣ ಕೇಳುವ ನೈತಿಕ ಹಕ್ಕಿಲ್ಲ.